ಸುತ್ತು ಬೇಡ, ಹೋಗಿ ಬನ್ನಿ

ಐಸ್‌ಲ್ಯಾಂಡ್‌ಗೆ ಐದು ದಿನದ ಮಟ್ಟಿಗೆ ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: 'ರಿಂಗ್ ರೋಡ್ ಪೂರ್ತಿ ಮುಗಿಸಬಹುದಲ್ವಾ?' ಲೆಕ್ಕವನ್ನೂ ಅವರೇ ಹಾಕಿಕೊಂಡಿರುತ್ತಾರೆ. ದೇಶಕ್ಕೆ ಸುತ್ತು ಹಾಕುವ ಒಂದನೇ ನಂಬರಿನ ಹೆದ್ದಾರಿಯ ಉದ್ದ 1,322 ಕಿ.ಮೀ. ಐದರಿಂದ ಭಾಗಿಸಿದರೆ ದಿನಕ್ಕೆ 265. ಬೆಂಗಳೂರಿನಿಂದ ಗೋವಾಕ್ಕೆ ಒಂದೇ ಏಟಿಗೆ ಐನೂರು ಚಿಲ್ಲರೆ ಕಿಲೋಮೀಟರ್ ಓಡಿಸಿದವರಿಗೆ ಇದು ಯಾವ ಮಹಾ? ವಿಸ್ತೀರ್ಣ 1.03 ಲಕ್ಷ ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಇಡೀ ದೇಶದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರದಷ್ಟು ಜನ ರಾಜಧಾನಿ ರೇಕ್ಯಾವಿಕ್‌ನ ಆಸುಪಾಸಿನಲ್ಲೇ ಇದ್ದಾರೆ. ರಸ್ತೆಯಲ್ಲಿ ಅಡ್ಡ ಬರುವವರಾದರೂ ಯಾರು?

ಭಾಗಾಕಾರ ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಅಲ್ಲಿ ಅಡ್ಡ ಬರುವುದು ಜನರಲ್ಲ. ಗಾಳಿ, ಮಂಜು, ಮರಳು, ನದಿ, ಒಮ್ಮೊಮ್ಮೆ ಲಾವಾ. ಈ ದೇಶದಲ್ಲಿ ರಸ್ತೆ ಎನ್ನುವುದು ನೆಲದ ಜತೆ ಮಾಡಿಕೊಂಡ ತಾತ್ಕಾಲಿಕ ಒಪ್ಪಂದ. ನೆಲ ಯಾವಾಗ ಬೇಕಾದರೂ ಅದನ್ನು ಮುರಿಯಬಹುದು. ಅದಕ್ಕೇ ನನ್ನ ಸಲಹೆ ಇಷ್ಟು: ಕೈಯಲ್ಲಿ ಐದು ದಿನವಿದ್ದರೆ ಸುತ್ತು ಹಾಕುವ ಹಠ ಬಿಡಿ. ರೇಕ್ಯಾವಿಕ್‌ನಿಂದ ದಕ್ಷಿಣ ಕರಾವಳಿ ಹಿಡಿದು ಯೋಕುಲ್ಸಾರ್ಲೋನ್ ಎಂಬ ಹಿಮಗಡ್ಡೆಗಳ ಸರೋವರದವರೆಗೆ ಸುಮಾರು 375 ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಇದು ಅರೆಮನಸ್ಸಿನ ಪ್ರವಾಸವಲ್ಲ. ಆ ದೇಶ ಹೇಗೆ ಹುಟ್ಟಿತು, ಹೇಗೆ ಬದುಕಿದೆ, ಅಲ್ಲಿ ರಸ್ತೆ ಹೇಗೆ ಉಳಿದಿದೆ ಎಂಬುದೆಲ್ಲ ಈ ಒಂದೇ ಪಟ್ಟಿಯಲ್ಲಿ ಕಾಣಸಿಗುತ್ತದೆ.

ಮೊದಲು ಕಾಗದಪತ್ರದ ಮಾತು. ಐಸ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ 2001ರಿಂದ ಷೆಂಗೆನ್ ವಲಯದಲ್ಲಿದೆ. ಹಾಗಾಗಿ ಷೆಂಗೆನ್ ವೀಸಾ ಸಾಕು. ಬೆಂಗಳೂರಿನಿಂದ ಹೋಗುವವರು ದಾರಿಯಲ್ಲಿ ಯುರೋಪಿನ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸುವುದು ವಾಡಿಕೆ. ನಮ್ಮ ಡಿಎಲ್‌ನಲ್ಲಿ ವಿವರಗಳು ಇಂಗ್ಲಿಷ್‌ನಲ್ಲೂ ಇರುವುದರಿಂದ ಅಲ್ಲಿ ತಕರಾರು ಬರುವುದು ಕಡಿಮೆ. ಆದರೂ ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಟ್ಟುಕೊಂಡರೆ ಕಾರು ಬಾಡಿಗೆ ಕೌಂಟರಿನಲ್ಲಿ ಚರ್ಚೆಗೆ ಅವಕಾಶವೇ ಇರುವುದಿಲ್ಲ. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಇನ್ನೊಂದು ಮಾತು: ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಲಿ, ಅದರ ಪಿನ್ ನೆನಪಿರಲಿ. ಊರಾಚೆಯ ಬಂಕ್‌ಗಳಲ್ಲಿ ಪೆಟ್ರೋಲ್ ಹಾಕುವ ಹುಡುಗರಿಲ್ಲ. ಎಷ್ಟೋ ಕಡೆ ಪಂಪು ಮಾತ್ರ ನಿಂತಿರುತ್ತದೆ. ಕಾರ್ಡ್ ತುರುಕಿ ಪಿನ್ ಒತ್ತಿ ನೀವೇ ಹಾಕಿಕೊಳ್ಳಬೇಕು.

ಬೇಸಿಗೆಯಲ್ಲಿ ಈ ದಾರಿಗೆ ಸಣ್ಣ ಕಾರು ಸಾಕು. ಒಂದನೇ ಹೆದ್ದಾರಿಗೆ ಈಗ ಪೂರ್ತಿ ಡಾಂಬರು ಬಿದ್ದಿದೆ. ಫೋರ್ ವೀಲ್ ಡ್ರೈವ್ ಬೇಕಾಗುವುದು ಒಳನಾಡಿನ ಬೆಟ್ಟದ ರಸ್ತೆಗಳಿಗೆ. ಅವುಗಳ ನಂಬರಿನ ಮುಂದೆ 'ಎಫ್' ಅಕ್ಷರ ಇರುತ್ತದೆ. ಜೂನ್ ನಡುವಿನ ನಂತರ ಒಂದೊಂದಾಗಿ ತೆರೆದು, ಚಳಿ ಶುರುವಾಗುತ್ತಲೇ ಮುಚ್ಚುತ್ತವೆ. ಅಲ್ಲಿ ಎಷ್ಟೋ ಕಡೆ ಸೇತುವೆಯಿಲ್ಲ, ನೀರಿಗಿಳಿದೇ ನದಿ ದಾಟಬೇಕು. ಸಣ್ಣ ಕಾರನ್ನು ಎಫ್ ರಸ್ತೆಗೆ ಇಳಿಸಿದರೆ ಕಾನೂನೂ ಬಿಡುವುದಿಲ್ಲ, ವಿಮೆಯೂ ಬರುವುದಿಲ್ಲ. ಚಳಿಗಾಲದ ಮಾತು ಬೇರೆಯೇ. ಡಿಸೆಂಬರಿನಲ್ಲಿ ಬೆಳಕು ಇರುವುದೇ ನಾಲ್ಕೈದು ಗಂಟೆ, ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ. ಮೊಳೆ ಟಯರು ಹಾಕಿದ ಗಾಡಿಯಿದ್ದರೂ ಬೆಂಗಳೂರಿನ ಅನುಭವ ಅಲ್ಲಿ ಕೆಲಸಕ್ಕೆ ಬಾರದು. ಮೊದಲ ಸಲ ಹೋಗುವವರು ಮೇ ಕೊನೆಯಿಂದ ಸೆಪ್ಟೆಂಬರಿನ ಒಳಗೆ ಹೋಗುವುದು ಕ್ಷೇಮ.

ಕಾರು ಕೊಡುವ ಕೌಂಟರಿನಲ್ಲಿ ಮುಂದಿಡುವ ವಿಮೆಯ ಪಟ್ಟಿಯನ್ನು ಬೇಸರ ಮಾಡಿಕೊಳ್ಳದೆ ಓದಿ. ಭೂಗೋಳದ ಪಾಠವೇ ಅದರಲ್ಲಿದೆ. ಅಪಘಾತದ ಸಾಮಾನ್ಯ ವಿಮೆ ಒಂದು. ಎದುರು ಗಾಡಿಯ ಚಕ್ರದಿಂದ ಜಲ್ಲಿ ಚಿಮ್ಮಿ ಗಾಜು ಒಡೆದರೆ ಅದಕ್ಕೊಂದು. ಮರಳು, ಜ್ವಾಲಾಮುಖಿಯ ಬೂದಿ ಬೀಸಿ ಬಣ್ಣ ಕಿತ್ತುಹೋದರೆ ಅದಕ್ಕೆ ಇನ್ನೊಂದು. ದಕ್ಷಿಣ ಕರಾವಳಿಯಲ್ಲಿ ಮೈಲುಗಟ್ಟಲೆ ಹರಡಿದ ಕಪ್ಪು ಮರಳಿನ ಬಯಲುಗಳಿವೆ. ಬಿರುಗಾಳಿ ಎದ್ದ ದಿನ ಆ ಬಯಲನ್ನು ದಾಟಿದ ಕಾರಿನ ಒಂದು ಮಗ್ಗುಲು ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ಬೋಳಾಗುವುದುಂಟು. ಇಷ್ಟೆಲ್ಲಕ್ಕೂ ವಿಮೆ ಇಟ್ಟವರು ಎರಡು ವಿಷಯಗಳನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ: ನದಿಗಿಳಿದು ಎಂಜಿನ್‌ಗೆ ನೀರು ನುಗ್ಗಿದ್ದು, ಗಾಳಿಗೆ ಬಾಗಿಲು ಮುರಿದದ್ದು.

ಬಾಗಿಲು ಮುರಿಯುವುದು ಹೇಗೆಂದು ನಗಬೇಡಿ. ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ಕಾರು ನಿಲ್ಲಿಸಿ, ನಮ್ಮೂರಿನ ಅಭ್ಯಾಸದಂತೆ ಹಿಡಿ ಎಳೆದು ಬಾಗಿಲು ತಳ್ಳಿದರೆ ಮುಗಿಯಿತು. ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡು ಮುಂದಕ್ಕೆ ಬಡಿಯುತ್ತದೆ. ಕೀಲು ಬಾಗಿ ಬಾಗಿಲು ಬಾನೆಟ್ಟಿನ ಪಕ್ಕದ ತಗಡಿಗೆ ತಾಗುತ್ತದೆ. ಮತ್ತೆ ಅದು ಮುಚ್ಚುವುದಿಲ್ಲ. ಉಳಿದ ದಾರಿಯೆಲ್ಲ ಅದನ್ನು ಹಗ್ಗದಲ್ಲಿ ಕಟ್ಟಿಕೊಂಡು ಹೋಗಬೇಕು, ಸಾವಿರಾರು ಡಾಲರಿನ ಬಿಲ್ಲು ಬೇರೆ. ಅಲ್ಲಿನವರ ಪದ್ಧತಿ ನೋಡಿ: ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸುತ್ತಾರೆ. ಮೊದಲು ಗಾಜು ಬೆರಳಷ್ಟು ಇಳಿಸಿ ಗಾಳಿಯ ಜೋರು ನೋಡುತ್ತಾರೆ. ಆಮೇಲೆ ಒಂದು ಕೈ ಹಿಡಿಯಲ್ಲಿ, ಇನ್ನೊಂದು ಕೈ ಬಾಗಿಲಿನ ಅಂಚಿನಲ್ಲಿಟ್ಟು, ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮಕ್ಕಳ ಬಾಗಿಲನ್ನು ಹೊರಗಿನಿಂದ ದೊಡ್ಡವರೇ ತೆಗೆಯುತ್ತಾರೆ.

ಅಲ್ಲಿನ ಹವಾಮಾನ ವರದಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುತ್ತದೆ. ಅದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್ ಸಿಗುತ್ತದೆ. ಹತ್ತು ಮೀಟರ್ ಎಂದರೆ 36 ಕಿ.ಮೀ., ಇಪ್ಪತ್ತು ಎಂದರೆ 72. ಹೆದ್ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ಎಲೆಕ್ಟ್ರಾನಿಕ್ ಫಲಕಗಳು ಮುಂದಿನ ದಾರಿಯ ಉಷ್ಣಾಂಶವನ್ನೂ ಗಾಳಿಯ ವೇಗವನ್ನೂ ತೋರಿಸುತ್ತವೆ. ನಮಗೆ ಸಿಗ್ನಲ್ ಲೈಟು ಹೇಗೋ ಅವರಿಗೆ ಆ ಅಂಕಿ ಹಾಗೆ. ಕಡಿದಾದ ಬೆಟ್ಟದ ಬುಡದಲ್ಲಿ ರಸ್ತೆ ಸಾಗುವ ಕಡೆ ಗಾಳಿ ಇದ್ದಕ್ಕಿದ್ದಂತೆ ಮೇಲಿಂದ ಧುಮುಕುತ್ತದೆ. ಎತ್ತರದ ಕ್ಯಾಂಪರ್ ವ್ಯಾನ್‌ಗಳು ಉರುಳುವುದು ಇಂಥಲ್ಲೇ. ಬೆಳಿಗ್ಗೆ ಹೊರಡುವ ಮೊದಲು ಹವಾಮಾನ ಇಲಾಖೆಯ ತಾಣ, ರಸ್ತೆ ಇಲಾಖೆಯ ನಕ್ಷೆ, ಎರಡನ್ನೂ ನೋಡುವುದು ಅಲ್ಲಿ ಹಲ್ಲುಜ್ಜಿದಷ್ಟೇ ಮಾಮೂಲು. ನಕ್ಷೆಯಲ್ಲಿ ಯಾವ ರಸ್ತೆ ತೆರೆದಿದೆ, ಯಾವುದು ಜಾರುತ್ತದೆ, ಯಾವುದು ಮುಚ್ಚಿದೆ ಎಂಬುದು ಬಣ್ಣಬಣ್ಣದಲ್ಲಿ ಕಾಣುತ್ತದೆ.

ಇನ್ನು ಬಲಬದಿಯ ಸವಾರಿ. ಐಸ್‌ಲ್ಯಾಂಡ್ ಕೂಡ ಒಂದು ಕಾಲಕ್ಕೆ ನಮ್ಮಂತೆ ಎಡಬದಿಯ ದೇಶವಾಗಿತ್ತು; 1968ರ ಮೇ 26ರಂದು ಬಲಕ್ಕೆ ಬದಲಾಯಿತು. ನಮ್ಮವರಿಗೆ ಕಷ್ಟವಾಗುವುದು ಊರೊಳಗಿನ ದಟ್ಟಣೆಯಲ್ಲಲ್ಲ. ಅಲ್ಲಿ ಮುಂದಿನ ಗಾಡಿಯ ಹಿಂದೆ ಹೋದರಾಯಿತು. ಅಪಾಯ ಇರುವುದು ಖಾಲಿ ಜಾಗದಲ್ಲಿ. ಜಲಪಾತ ನೋಡಿ, ಕಾಫಿ ಕುಡಿದು, ನಿರ್ಜನವಾದ ಪಾರ್ಕಿಂಗಿನಿಂದ ಹೊರಬರುವಾಗ ಕೈ ತಾನಾಗಿ ಎಡಕ್ಕೆ ತಿರುಗಿಸುತ್ತದೆ. ಎದುರಿಗೆ ಒಂದೂ ಗಾಡಿ ಇಲ್ಲದ್ದರಿಂದ ತಪ್ಪು ಗೊತ್ತಾಗುವುದೇ ಇಲ್ಲ. ಪಕ್ಕದಲ್ಲಿ ಕೂತವರು ಪ್ರತಿ ಸಲ ಹೊರಡುವಾಗ 'ಬಲಕ್ಕೆ' ಎಂದು ಬಾಯಿಬಿಟ್ಟು ಹೇಳಲಿ. ಗೇರು ಬಲಗೈಗೆ ಬರುವುದರಿಂದ ಆಟೊಮ್ಯಾಟಿಕ್ ಕಾರು ತೆಗೆದುಕೊಂಡರೆ ಒಂದು ತಲೆನೋವು ಕಡಿಮೆ. ಎರಡು ಸಾಲಿನ ವೃತ್ತಗಳಲ್ಲಿ ಇನ್ನೊಂದು ವಿಶೇಷ: ಒಳಸಾಲಿನಲ್ಲಿರುವ ಗಾಡಿಗೆ ಹೊರಬರಲು ಮೊದಲ ಹಕ್ಕು, ಹೊರಸಾಲಿನವರು ಬಿಟ್ಟುಕೊಡಬೇಕು. ವೇಗದ ಮಿತಿ ಡಾಂಬರು ರಸ್ತೆಯಲ್ಲಿ 90, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ಹಗಲಿರಲಿ, ನಡುರಾತ್ರಿಯ ಸೂರ್ಯನಿರಲಿ, ಹೆಡ್‌ಲೈಟ್ ಸದಾ ಉರಿಯುತ್ತಿರಬೇಕು.

ಒಂದೇ ಗಾಡಿ ಹಿಡಿಯುವ ಸೇತುವೆಗಳು ಈ ಹೆದ್ದಾರಿಯಲ್ಲಿ ಇನ್ನೂ ಉಳಿದಿವೆ. ಸೇತುವೆಗೆ ಯಾರು ಹತ್ತಿರವಿದ್ದಾರೋ ಅವರು ಮೊದಲು ದಾಟುವುದು ಅಲ್ಲಿನ ರೂಢಿ. ನಮ್ಮಲ್ಲಿ ಹೆಡ್‌ಲೈಟ್ ಮಿನುಗಿಸಿದರೆ 'ನಾನು ನುಗ್ಗುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ಆ ಚಾಳಿಯನ್ನು ಇಲ್ಲೇ ಬಿಟ್ಟು ಹೋಗಿ. ಅನುಮಾನ ಬಂದರೆ ನಿಂತು, ಎದುರಿನವರು ಪೂರ್ತಿ ದಾಟುವ ತನಕ ಕಾಯುವುದೇ ಸರಿ. ತೇವವಾದ ಸೇತುವೆಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. 2018ರ ಡಿಸೆಂಬರಿನಲ್ಲಿ ಇದೇ ದಕ್ಷಿಣದ ದಾರಿಯಲ್ಲಿ, ನೂಪ್ಸ್‌ವೋತ್ನ್ ನದಿಯ ಕಿರಿದಾದ ಹಳೆಯ ಸೇತುವೆಯಿಂದ ಪ್ರವಾಸಿಗರ ಕಾರು ಕೆಳಗುರುಳಿ ಮೂವರು ಸತ್ತರು. ಆಮೇಲೆ ಅಲ್ಲಿ ಅಗಲವಾದ ಹೊಸ ಸೇತುವೆ ಬಂತು.

ಕುರಿಗಳ ವಿಷಯಕ್ಕೂ ಒಂದು ಸಾಲು ಮೀಸಲಿಡಬೇಕು. ಬೇಸಿಗೆಯಲ್ಲಿ ಅವಕ್ಕೆ ಕಾವಲಿಲ್ಲ. ರಸ್ತೆಯ ಒಂದು ಬದಿ ತಾಯಿ, ಇನ್ನೊಂದು ಬದಿ ಮರಿ ಕಂಡರೆ ತಕ್ಷಣ ನಿಧಾನಿಸಿ. ಮರಿ ಕಡೆಯ ಗಳಿಗೆಯಲ್ಲಿ ತಾಯಿಯ ಕಡೆ ಓಡಿಯೇ ಓಡುತ್ತದೆ. ಗುದ್ದಿದರೆ ರೈತನಿಗೆ ದುಡ್ಡು ಕಟ್ಟಿಕೊಡಬೇಕಾಗುತ್ತದೆ. ಮತ್ತೊಂದು ಮಾತು: ಫೋಟೊಕ್ಕೆಂದು ಹೆದ್ದಾರಿಯ ಮೇಲೆ ಕಾರು ನಿಲ್ಲಿಸಬೇಡಿ. ರಸ್ತೆಗೆ ಅಂಚೇ ಇಲ್ಲ, ಪಕ್ಕದಲ್ಲೇ ಇಳಿಜಾರು. ಡಾಂಬರು ಬಿಟ್ಟು ಪಾಚಿಯ ಮೇಲೆ ಚಕ್ರ ಹತ್ತಿಸಿದರಂತೂ ಅಪರಾಧ. ಆ ಹಸಿರು ಪಾಚಿ ಬೆಳೆಯಲು ದಶಕಗಳೇ ಬೇಕು. ಒಬ್ಬರ ಟಯರಿನ ಗುರುತು ಒಂದು ತಲೆಮಾರು ಉಳಿಯುತ್ತದೆ.

ಈಗ ದಾರಿ ಹಿಡಿಯೋಣ. ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ರೇಕ್ಯಾವಿಕ್ ಸುಮಾರು 50 ಕಿ.ಮೀ. ಎರಡೂ ಬದಿ ಲಾವಾ ಬಯಲು. ಈ ರೇಕ್ಯಾನೆಸ್ ಪರ್ಯಾಯ ದ್ವೀಪ ಎಂಟು ಶತಮಾನ ತೆಪ್ಪಗಿದ್ದು 2021ರ ಮಾರ್ಚಿನಲ್ಲಿ ಮತ್ತೆ ಬಾಯಿ ತೆರೆಯಿತು. 2023ರ ನವೆಂಬರ್ 10ರ ರಾತ್ರಿ ಗ್ರಿಂಡಾವಿಕ್ ಎಂಬ ಮೀನುಗಾರರ ಊರನ್ನು ಖಾಲಿ ಮಾಡಿಸಿದರು. 2024ರ ಫೆಬ್ರುವರಿಯಲ್ಲಿ ಲಾವಾ ರಸ್ತೆಯನ್ನೂ ದಾಟಿ ಬಿಸಿನೀರಿನ ದೊಡ್ಡ ಕೊಳವೆಯನ್ನೂ ನುಂಗಿ ಸಾವಿರಾರು ಮನೆಗಳು ಥಂಡಿಯಲ್ಲಿ ಕೂತವು. ಅದೇ ವರ್ಷದ ನವೆಂಬರಿನಲ್ಲಿ ಹೆಸರಾಂತ ಬ್ಲೂ ಲಗೂನ್‌ನ ಪಾರ್ಕಿಂಗ್ ಜಾಗ ಲಾವಾದಡಿ ಮುಚ್ಚಿಹೋಯಿತು. ವಿಮಾನ ಇಳಿದ ಅರ್ಧ ಗಂಟೆಯಲ್ಲೇ ನಿಮಗೆ ಈ ದೇಶದ ಕಾರುಬಾರು ಗೊತ್ತಾಗುತ್ತದೆ.

ಎರಡನೆಯ ದಿನ 'ಗೋಲ್ಡನ್ ಸರ್ಕಲ್'. ಹೆಸರಿನಲ್ಲಿ ಚಿನ್ನವಿದ್ದರೂ ಇದು ರಾಜಧಾನಿಯಿಂದ ಸುಮಾರು 250 ಕಿ.ಮೀ.ಗಳ ಒಂದು ಸಣ್ಣ ಸುತ್ತು. ಥಿಂಗ್‌ವೆಟ್ಲಿರ್‌ನಲ್ಲಿ ಉತ್ತರ ಅಮೆರಿಕ ಮತ್ತು ಯುರೇಷ್ಯಾದ ಭೂಫಲಕಗಳು ಒಂದರಿಂದೊಂದು ದೂರ ಸರಿಯುತ್ತಿವೆ, ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಲೆಕ್ಕದಲ್ಲಿ. ಬಿರುಕಿನಲ್ಲಿ ನಿಂತು ಎರಡೂ ಕೈ ಚಾಚಿ ಎರಡು ಖಂಡ ಮುಟ್ಟಿದೆವೆಂದು ಫೋಟೊ ತೆಗೆಸಿಕೊಳ್ಳುವವರಿಗೆ ಬರವಿಲ್ಲ. ನಿಜಕ್ಕೂ ಆ ಗೋಡೆಗಳೆರಡೂ ಒಂದೇ ಅಂಚಿನ ಸೀಳು. ಫಲಕಗಳ ನಡುವಿನ ತಗ್ಗು ಕಿಲೋಮೀಟರುಗಟ್ಟಲೆ ಅಗಲವಾಗಿದೆ, ಕಣಿವೆಯೇ ಅದು. 930ನೇ ಇಸವಿಯಲ್ಲಿ ಇಲ್ಲೇ ಬಯಲಿನಲ್ಲಿ ಆಲ್ತಿಂಗ್ ಎಂಬ ಸಂಸತ್ತು ಸೇರಿತು. 1944ರ ಜೂನ್ 17ರಂದು ಡೆನ್ಮಾರ್ಕಿನ ಕೈಬಿಟ್ಟು ಗಣರಾಜ್ಯವಾದದ್ದನ್ನು ಸಾರಿದ್ದೂ ಇಲ್ಲೇ. ಮುಂದೆ ಗೇಸಿರ್. ಅಲ್ಲಿನ ಸ್ಟ್ರೋಕ್ಕುರ್ ಬುಗ್ಗೆ ಐದತ್ತು ನಿಮಿಷಕ್ಕೊಮ್ಮೆ ಕುದಿನೀರನ್ನು ಆಳೆತ್ತರವಲ್ಲ, ಐದಾರು ಮಹಡಿಯೆತ್ತರಕ್ಕೆ ಚಿಮ್ಮಿಸುತ್ತದೆ. ಆಮೇಲೆ ಗುಲ್‌ಫೋಸ್ ಜಲಪಾತ, ಎರಡು ಮೆಟ್ಟಿಲಲ್ಲಿ 32 ಮೀಟರ್. ಕಳೆದ ಶತಮಾನದ ಆರಂಭದಲ್ಲಿ ಇದಕ್ಕೆ ವಿದ್ಯುತ್ ಯೋಜನೆ ಕಟ್ಟುವ ಹುನ್ನಾರ ನಡೆದಾಗ ಪಕ್ಕದ ಹೊಲದ ಮನೆಯ ಸಿಗ್ರಿಥುರ್ ತೋಮಸ್‌ದೋತ್ತಿರ್ ಎಂಬ ಹೆಣ್ಣುಮಗಳು ಪಟ್ಟುಹಿಡಿದು ಹೋರಾಡಿದಳು. ಅವಳ ಪರ ವಕಾಲತ್ತು ಹಾಕಿದ ಸ್ವೇಯ್ನ್ ಬ್ಯೋರ್ನ್‌ಸನ್ ಮುಂದೆ ದೇಶದ ಮೊದಲ ಅಧ್ಯಕ್ಷರಾದರು.

ಆ ರಾತ್ರಿ ರಾಜಧಾನಿಗೆ ಮರಳದೆ ಸೆಲ್ಫೋಸ್ ಅಥವಾ ಹೆಟ್ಲಾದ ಕಡೆ ತಂಗಿದರೆ ಮರುದಿನ ದಾರಿ ಕಡಿಮೆಯಾಗುತ್ತದೆ. ಊಟದ ಹೋಟೆಲುಗಳು ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಹಂದಿಮರಿಯ ಚಿತ್ರದ ಗುಲಾಬಿ-ಹಳದಿ ಬೋರ್ಡಿನ 'ಬೋನುಸ್' ಅಂಗಡಿಯಲ್ಲಿ ಬ್ರೆಡ್ಡು, ಹಣ್ಣು, ಸ್ಕಿರ್ ಎಂಬ ಗಟ್ಟಿ ಮೊಸರು ಕೊಂಡು, ಅಡುಗೆಮನೆ ಇರುವ ವಸತಿ ಹಿಡಿದರೆ ಜೇಬು ಉಳಿಯುತ್ತದೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ನಲ್ಲಿಯ ತಣ್ಣೀರಿಗಿಂತ ಒಳ್ಳೆಯ ನೀರು ಅಂಗಡಿಯಲ್ಲಿಲ್ಲ. ಸಂಜೆ ಊರಿನ ಈಜುಕೊಳಕ್ಕೆ ಹೋಗಿ. ನೆಲದಡಿಯ ಬಿಸಿನೀರಿನ ಕೊಳ ಇಲ್ಲದ ಪಟ್ಟಣವೇ ಅಲ್ಲಿಲ್ಲ ಎನ್ನಬೇಕು. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಆಗುವ ಹರಟೆಯೆಲ್ಲ ಅವರಲ್ಲಿ ಆ ಬಿಸಿನೀರಿನ ತೊಟ್ಟಿಯೊಳಗೆ ಆಗುತ್ತದೆ. ಇಳಿಯುವ ಮೊದಲು ಬಟ್ಟೆಯಿಲ್ಲದೆ ಸೋಪು ಹಚ್ಚಿ ಮೀಯಬೇಕೆಂಬ ನಿಯಮದಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಮೂರನೆಯ ದಿನ ನಿಜವಾದ ದಕ್ಷಿಣ ಶುರು. ಸೆಲ್ಯಾಲಾಂಡ್ಸ್‌ಫೋಸ್ ಜಲಪಾತದ ಬೆನ್ನ ಹಿಂದೆ ನಡೆದು ಬರಬಹುದು, ಮೈ ತೋಯದೆ ಅಲ್ಲ. ಸ್ವಲ್ಪ ದೂರದಲ್ಲೇ ಸ್ಕೋಗಾಫೋಸ್. ಎರಡೂ ಸುಮಾರು 60 ಮೀಟರ್ ಎತ್ತರ. ಎರಡರ ಹಿಂದಿನ ಬಂಡೆಗೋಡೆ ಒಂದು ಕಾಲದ ಸಮುದ್ರ ದಂಡೆ. ನೆಲ ಮೇಲೆದ್ದು ಕಡಲು ಹಿಂದೆ ಸರಿದಿದೆ. ನಡುವೆ ಎಡಗಡೆ ತಲೆಯೆತ್ತಿ ನಿಂತದ್ದು ಏಯಾಫ್ಯಾಟ್ಲಯೋಕುಲ್. 2010ರ ಏಪ್ರಿಲ್‌ನಲ್ಲಿ ಬೂದಿ ಉಗುಳಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕೆ ಕಟ್ಟಿಹಾಕಿದ್ದು ಈ ಬೆಟ್ಟವೇ. ಶಾರುಕ್-ಕಾಜೋಲ್ ಜೋಡಿಯ 'ದಿಲ್‌ವಾಲೆ' ಚಿತ್ರದ 'ಗೆರುವಾ' ಹಾಡು ನೋಡಿದವರಿಗೆ ಈ ದಾರಿಯ ಒಂದೊಂದು ತಾಣವೂ ಪರಿಚಿತ ಅನ್ನಿಸುತ್ತದೆ: ಜಲಪಾತ, ಕಪ್ಪು ಮರಳು, ಮರಳಿನ ನಡುವೆ ಬಿದ್ದ ವಿಮಾನದ ಅಸ್ಥಿಪಂಜರ. ಅದು 1973ರ ನವೆಂಬರಿನಲ್ಲಿ ಅಲ್ಲಿ ಇಳಿದುಬಿದ್ದ ಅಮೆರಿಕ ನೌಕಾದಳದ ವಿಮಾನ, ಒಳಗಿದ್ದವರೆಲ್ಲ ಬದುಕಿದರು. ಅಲ್ಲಿಗೆ ಈಗ ಕಾರು ಬಿಡುವುದಿಲ್ಲ.

ವೀಕ್ ಊರಿನ ಪಕ್ಕದ ರೇನಿಸ್‌ಫ್ಯಾರಾ ಕಪ್ಪು ಮರಳಿನ ತೀರ. ಜೋಡಿಸಿಟ್ಟ ಕಂಬಗಳಂಥ ಬಸಾಲ್ಟ್ ಬಂಡೆಯ ಗೋಡೆಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುವ ಜಾಗ. ಹತ್ತಾರು ಅಲೆ ಸುಮ್ಮನೆ ಬಂದುಹೋಗುತ್ತವೆ. ಅದರ ನಂತರ ಒಂದು ಅಲೆ ಮೂರು ಪಟ್ಟು ದೂರ ನುಗ್ಗಿ ಕಾಲಡಿಯ ಮರಳು ಎಳೆದುಕೊಂಡು ಹೋಗುತ್ತದೆ. ದಂಡೆ ಥಟ್ಟನೆ ಆಳವಾಗುವುದರಿಂದ ಬಿದ್ದವರು ಏಳುವುದು ಕಷ್ಟ. ಹಲವರು ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಪಾರ್ಕಿಂಗಿನಲ್ಲಿ ಬಣ್ಣದ ಎಚ್ಚರಿಕೆ ದೀಪ ಹಾಕಿದ್ದಾರೆ; ಕೆಂಪಿದ್ದರೆ ಕೆಳಗಿಳಿಯಬೇಡಿ. ಮಲ್ಪೆ, ಗೋಕರ್ಣದ ಕಡಲಿನಂತೆ ಕಾಲು ನೆನೆಸುವ ಕಡಲಲ್ಲ ಇದು.

ವೀಕ್‌ನ ಹಿಂದೆ ಹಿಮದ ಟೋಪಿಯಡಿ ಕಾಟ್ಲಾ ಜ್ವಾಲಾಮುಖಿ ಇದೆ. ದೊಡ್ಡದಾಗಿ ಸಿಡಿದದ್ದು 1918ರಲ್ಲಿ. ಸಿಡಿದರೆ ಬೆಂಕಿಗಿಂತ ನೀರಿನ ಭಯ ಹೆಚ್ಚು: ಮೇಲಿನ ಹಿಮ ಕರಗಿ, ಮಂಜುಗಡ್ಡೆ-ಬಂಡೆ ಸಮೇತ ಬಯಲಿಗೆ ನುಗ್ಗುತ್ತದೆ. ಆಗ ಊರಿನವರು ಓಡಬೇಕಾದದ್ದು ಗುಡ್ಡದ ಮೇಲಿನ ಚರ್ಚಿಗೆ. 2011ರ ಜುಲೈನಲ್ಲಿ ಇದರದ್ದೇ ಸಣ್ಣ ಪ್ರವಾಹವೊಂದು ಮೂಲಾಕ್ವಿಸ್ಲ್ ನದಿಯ ಸೇತುವೆಯನ್ನು ಒಯ್ದಿತು. ಪ್ರವಾಸಿ ಋತುವಿನ ಮಧ್ಯದಲ್ಲಿ ದೇಶದ ಒಂದನೇ ಹೆದ್ದಾರಿ ಕಡಿದುಹೋಯಿತು. ಅಲ್ಲಿನವರು ತಲೆಯ ಮೇಲೆ ಕೈ ಹೊತ್ತು ಕೂರಲಿಲ್ಲ. ದೊಡ್ಡ ಲಾರಿಗಳ ಬೆನ್ನ ಮೇಲೆ ಕಾರುಗಳನ್ನು ಹೊರಿಸಿ ನದಿ ದಾಟಿಸಿದರು. ಒಂದು ವಾರದಲ್ಲಿ ತಾತ್ಕಾಲಿಕ ಸೇತುವೆ ನಿಲ್ಲಿಸಿದರು.

ಮುಂದೆ ಎಲ್ಡ್‌ಹ್ರೌನ್. ಕಣ್ಣು ಹಾಯಿಸಿದಷ್ಟೂ ಹಸಿರು-ಬೂದು ಪಾಚಿ ಹೊದ್ದ ಲಾವಾ ಉಬ್ಬುಗಳು. 1783-84ರಲ್ಲಿ ಲಾಕಿ ಬಿರುಕು ಎಂಟು ತಿಂಗಳು ಸುರಿಸಿದ ಲಾವಾ ಇದು, 565 ಚದರ ಕಿ.ಮೀ.ಗಳಷ್ಟು. ವಿಷಗಾಳಿಗೆ ಹುಲ್ಲು ಸುಟ್ಟಿತು, ಅರ್ಧಕ್ಕಿಂತ ಹೆಚ್ಚು ಜಾನುವಾರು ಸತ್ತವು, ಹಿಂದೆಯೇ ಬಂದ ಬರದಲ್ಲಿ ಐದರಲ್ಲೊಂದು ಪಾಲು ಜನ ತೀರಿಕೊಂಡರು. ಪಕ್ಕದ ಕಿರ್ಕ್ಯುಬೈಯರ್‌ಕ್ಲೌಸ್ಟುರ್ ಊರಿನತ್ತ ಲಾವಾ ಬರುತ್ತಿದ್ದ ಜುಲೈ 20ರ ಭಾನುವಾರ ಪಾದ್ರಿ ಯೋನ್ ಸ್ಟೇಯ್ನ್‌ಗ್ರಿಮ್ಸನ್ ಜನರನ್ನು ಚರ್ಚಿನೊಳಗೆ ಕೂರಿಸಿ ಪ್ರವಚನ ಮಾಡಿದರು. ಹೊರಬಂದು ನೋಡಿದರೆ ಲಾವಾ ಊರಿನಾಚೆಯೇ ನಿಂತಿತ್ತು. ಪವಾಡ ಎಂದವರು ಪವಾಡ ಎಂದರು. ನದಿಯ ನೀರು ತಣಿಸಿತು ಎಂದವರು ಹಾಗೆಂದರು. ಪಾದ್ರಿ ಬರೆದಿಟ್ಟ ದಿನಚರಿಯಂಥ ದಾಖಲೆ ಇವತ್ತಿಗೂ ಭೂವಿಜ್ಞಾನಿಗಳ ಕೈಪಿಡಿ.

ಅಲ್ಲಿಂದಾಚೆ ಸ್ಕೇಯ್ದರಾರ್ ಮರಳು ಬಯಲು. ಐಸ್‌ಲ್ಯಾಂಡ್‌ನ ರಸ್ತೆಯ ಕಥೆಯೆಲ್ಲ ಇಲ್ಲಿ ಗಂಟುಬಿದ್ದಿದೆ. ಮೇಲೆ ವಾಟ್ನಯೋಕುಲ್ ಹಿಮರಾಶಿ, ಸುಮಾರು 7,700 ಚದರ ಕಿ.ಮೀ. ಅದರಿಂದಿಳಿಯುವ ನದಿಗಳು ಇಲ್ಲಿ ದಿನಕ್ಕೊಂದು ಪಾತ್ರ ಹಿಡಿಯುತ್ತಿದ್ದುದರಿಂದ ಎಷ್ಟೋ ಕಾಲ ಸೇತುವೆ ಕಟ್ಟುವ ಧೈರ್ಯವನ್ನೇ ಯಾರೂ ಮಾಡಲಿಲ್ಲ. ಪೂರ್ವದ ಹೋಫ್ನ್ ಊರಿನವರು ರಾಜಧಾನಿಗೆ ರಸ್ತೆಯಲ್ಲಿ ಬರಬೇಕೆಂದರೆ ಉತ್ತರದಿಂದ ದೇಶವನ್ನೇ ಬಳಸಿ ಬರಬೇಕಿತ್ತು. 1974ರ ಜುಲೈನಲ್ಲಿ, ಜನ ಇಲ್ಲಿ ನೆಲೆಸಿ 1,100 ವರ್ಷವಾದ ಸಂಭ್ರಮದ ಹೊತ್ತಿಗೆ, ಸ್ಕೇಯ್ದರಾ ನದಿಯ ಮೇಲೆ ಸುಮಾರು 900 ಮೀಟರ್ ಉದ್ದದ ಸೇತುವೆ ತೆರೆಯಿತು. ಅಂದೇ ರಿಂಗ್ ರೋಡ್ ನಿಜವಾಗಿ ರಿಂಗ್ ಆದದ್ದು. 1996ರ ಸೆಪ್ಟೆಂಬರ್ ಕೊನೆಗೆ ಹಿಮದಡಿ ಜ್ವಾಲಾಮುಖಿ ಸಿಡಿಯಿತು. ಕರಗಿದ ನೀರು ಒಂದು ತಿಂಗಳು ಹಿಮದಡಿಯಲ್ಲೇ ತುಂಬಿ, ನವೆಂಬರ್ 5ರಂದು ಒಡೆದು ಬಂತು. ಸೆಕೆಂಡಿಗೆ ಸುಮಾರು 45,000 ಘನ ಮೀಟರ್. ನಮಗೆ ಪರಿಚಿತವಾದ ಲೆಕ್ಕದಲ್ಲಿ ಹೇಳಬೇಕೆಂದರೆ ಹದಿನೈದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಕೆಆರ್‌ಎಸ್‌ನಿಂದ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ನಾವು ಮುಖಪುಟ ಮಾಡುತ್ತೇವೆ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ಬಡಿದು ಪಕ್ಕದ ಗೀಗ್ಯುಕ್ವಿಸ್ಲ್ ಸೇತುವೆ ಪೂರ್ತಿ ಕೊಚ್ಚಿಹೋಯಿತು, ಸ್ಕೇಯ್ದರಾ ಸೇತುವೆಯ ಒಂದು ಭಾಗ ಮುರಿಯಿತು. ಮೂರು ವಾರದಲ್ಲಿ ರಸ್ತೆ ಮತ್ತೆ ತೆರೆಯಿತು. ತಿರುಚಿಹೋದ ಎರಡು ಉಕ್ಕಿನ ತೊಲೆಗಳನ್ನು ರಸ್ತೆ ಪಕ್ಕದಲ್ಲೇ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಕಾರು ನಿಲ್ಲಿಸಿ, ಹತ್ತಿರ ಹೋಗಿ ಕೈಯಿಟ್ಟು ನೋಡಿ. ಆಳಿಗಿಂತ ದಪ್ಪದ ಉಕ್ಕು ಒದ್ದೆ ಬಟ್ಟೆ ಹಿಂಡಿದಂತೆ ಸುರುಳಿಯಾಗಿದೆ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಹಿಮನದಿ ಕರಗಿ ಹಿಂದೆ ಸರಿಯುತ್ತಾ 2009ರಲ್ಲಿ ಸ್ಕೇಯ್ದರಾ ನದಿ ತನ್ನ ಪಾತ್ರ ಬಿಟ್ಟು ಪಶ್ಚಿಮದ ಗೀಗ್ಯುಕ್ವಿಸ್ಲ್ ಸೇರಿತು. ದೇಶದ ಅತಿ ಉದ್ದದ ಸೇತುವೆಯ ಕೆಳಗೆ ನದಿಯೇ ಇಲ್ಲ! 2017ರಲ್ಲಿ ಪಕ್ಕದಲ್ಲೊಂದು ಚಿಕ್ಕ ಸೇತುವೆ ಕಟ್ಟಿ ಹಳೆಯದನ್ನು ಕೈಬಿಟ್ಟರು. ಹೊಸ ಸೇತುವೆಯ ಮೇಲೆ ಕೆಲವೇ ಸೆಕೆಂಡಿನಲ್ಲಿ ದಾಟಿಬಿಡುವ ನೀವು, ಪಕ್ಕದಲ್ಲಿ ಒಣಗಿ ನಿಂತ ಆ ಉದ್ದನೆಯ ಸೇತುವೆಯನ್ನು ಗಮನಿಸಿ. ತಾಪಮಾನ ಏರಿಕೆಯ ಬಗ್ಗೆ ಓದಿದ ಅಂಕಿಅಂಶಗಳೆಲ್ಲ ಒಟ್ಟಾಗಿ ಹೇಳದ್ದನ್ನು ಅದು ಹೇಳುತ್ತದೆ.

ನಾಲ್ಕನೆಯ ದಿನದ ಯೋಕುಲ್ಸಾರ್ಲೋನ್ ಅದೇ ಮಾತಿನ ಮುಂದುವರಿಕೆ. ಸುಮಾರು 1935ರ ತನಕ ಅಲ್ಲಿ ಸರೋವರವೇ ಇರಲಿಲ್ಲ. ಹಿಮನದಿ ಹಿಂದೆ ಸರಿದಂತೆ ಬಿಟ್ಟುಹೋದ ಗುಂಡಿಯಲ್ಲಿ ನೀರು ನಿಂತಿತು. ಈಗ 200 ಮೀಟರಿಗೂ ಹೆಚ್ಚು ಆಳವಿದೆ. ನೀಲಿ, ಬಿಳಿ, ಬೂದಿಯ ಕರಿಗೆರೆಯ ಹಿಮಗಡ್ಡೆಗಳು ತೇಲಿ ಹೆದ್ದಾರಿಯ ಸೇತುವೆಯಡಿಯೇ ನುಸುಳಿ ಕಡಲಿಗೆ ಹೋಗುತ್ತವೆ. ಅಲೆ ಅವನ್ನು ಒರೆಸಿ ನುಣುಪು ಮಾಡಿ ಕಪ್ಪು ಮರಳಿನ ಮೇಲೆ ಮರಳಿ ಎಸೆಯುತ್ತದೆ. 'ಡೈ ಅನದರ್ ಡೇ' ಬಾಂಡ್ ಚಿತ್ರಕ್ಕೆ ಕಡಲಿನ ಉಪ್ಪುನೀರು ತಡೆದು ಸರೋವರವನ್ನು ಹೆಪ್ಪುಗಟ್ಟಿಸಿ ಕಾರು ಓಡಿಸಿದ್ದು ಇಲ್ಲೇ. ದಂಡೆಯ ಹಿಮಗಡ್ಡೆ ಹತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ಅವು ಹೇಳದೆ ಕೇಳದೆ ಮಗುಚುತ್ತವೆ.

ಇಲ್ಲಿ ನಕ್ಷೆ ನಿಮ್ಮನ್ನು ಕೆಣಕುತ್ತದೆ. ಹೋಫ್ನ್ ಇನ್ನು ಎಂಬತ್ತೇ ಕಿಲೋಮೀಟರ್; ಹಾಗೇ ಮುಂದುವರಿದರೆ ಸುತ್ತು ಮುಗಿಯುತ್ತದಲ್ಲ ಎಂದು. ಮುಗಿಯುತ್ತದೆ, ಉಳಿದ ಒಂಬೈನೂರು ಚಿಲ್ಲರೆ ಕಿಲೋಮೀಟರನ್ನು ಎರಡು ದಿನದಲ್ಲಿ ಸ್ಟೀರಿಂಗ್ ಹಿಡಿದೇ ಕಳೆಯುತ್ತೀರಿ. ಪೂರ್ವದ ಕಡಲಕೊಲ್ಲಿಗಳಲ್ಲಿ ಮಂಜು ಕವಿದರೆ, ಉತ್ತರದ ಬೆಟ್ಟದಲ್ಲಿ ಗಾಳಿ ಎದ್ದರೆ, ವಿಮಾನ ತಪ್ಪುವ ಅವಸರದಲ್ಲಿ ನೀವು ಗಾಡಿ ಓಡಿಸುತ್ತೀರಿ. ಆ ಅವಸರ ಐಸ್‌ಲ್ಯಾಂಡ್‌ನ ಯಾವ ನಿಯಮಕ್ಕೂ ಹೊಂದುವುದಿಲ್ಲ. ರಸ್ತೆ ಮುಚ್ಚಿದೆ ಎಂಬ ಫಲಕ ದಾಟಿ ಸಿಕ್ಕಿಬಿದ್ದವರನ್ನು ಹುಡುಕಲು ಬರುವವರು ಸಂಬಳದ ಪಡೆಯಲ್ಲ; ಬಡಗಿ, ಮೇಷ್ಟ್ರು, ರೈತರಂಥ ಸ್ವಯಂಸೇವಕರು. ಹೊಸ ವರ್ಷಕ್ಕೆ ಪಟಾಕಿ ಮಾರಿ ಕೂಡಿಸಿದ ದುಡ್ಡಿನಲ್ಲಿ ತಮ್ಮ ಜೀಪು, ಹಗ್ಗ ಕೊಳ್ಳುವವರು. ನಮ್ಮ ಲೆಕ್ಕ ತಪ್ಪಿದ್ದಕ್ಕೆ ಅವರ ನಿದ್ದೆ ಕೆಡಬಾರದು.

ಹಾಗಾಗಿ ಯೋಕುಲ್ಸಾರ್ಲೋನ್‌ನಿಂದಲೇ ತಿರುಗಿಕೊಳ್ಳಿ. ಬಂದ ದಾರಿಯನ್ನೇ ಮತ್ತೆ ನೋಡುವುದು ನಷ್ಟ ಅಂದುಕೊಳ್ಳಬೇಡಿ. ಬರುವಾಗ ಮೋಡದೊಳಗಿದ್ದ ಬೆಟ್ಟ ಹೋಗುವಾಗ ಕಾಣುತ್ತದೆ. ಕೆಂಪು ದೀಪವಿದ್ದ ತೀರ ಹಳದಿಗೆ ಇಳಿದಿರುತ್ತದೆ. ಜನಜಂಗುಳಿಯಿದ್ದ ಸ್ಕೋಗಾಫೋಸ್ ಜೂನ್‌ನ ರಾತ್ರಿ ಹತ್ತರ ಬೆಳಕಿನಲ್ಲಿ ನಿಮಗೊಬ್ಬರಿಗೇ ಸಿಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಹೋಗಿ ಬರುವ ಯೋಜನೆಯಲ್ಲಿ ಎಲ್ಲಿ ಬೇಕಾದರೂ ತಿರುಗಬಹುದು. ಗಾಳಿ ಎದ್ದರೆ ವೀಕ್‌ನಲ್ಲೇ ಒಂದು ದಿನ ಕೂತರೂ ಪ್ರವಾಸ ಕೆಡುವುದಿಲ್ಲ. ಸುತ್ತು ಹಾಕುವವರಿಗೆ ಆ ಸ್ವಾತಂತ್ರ್ಯವಿಲ್ಲ. ಅರ್ಧ ದಾರಿ ದಾಟಿದ ಮೇಲೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಕೊನೆಯ ರಾತ್ರಿ ಮಾತ್ರ ರೇಕ್ಯಾವಿಕ್ ಅಥವಾ ಕೆಫ್ಲಾವಿಕ್‌ನಲ್ಲೇ ತಂಗಿ. ಗಾಳಿಗೆ ರಸ್ತೆ ಮುಚ್ಚಿತ್ತೆಂದು ವಿಮಾನ ಕಾಯುವುದಿಲ್ಲ.

ಉತ್ತರ, ಪೂರ್ವ ನೋಡಲಿಲ್ಲವೆಂಬ ಕೊರಗು ಬೇಡ. ಹತ್ತು-ಹನ್ನೆರಡು ದಿನದ ರಜೆ ಸಿಕ್ಕಾಗ ಸುತ್ತಿದರಾಯಿತು. ಅಷ್ಟರಲ್ಲಿ ದೇಶ ಎಲ್ಲಿಗೂ ಹೋಗುವುದಿಲ್ಲ. ವರ್ಷಕ್ಕೆ ಎರಡು ಸೆಂಟಿಮೀಟರ್ ಅಗಲವಾಗಿರುತ್ತದೆ, ಅಷ್ಟೇ.